ನೇರಪ್ರಸಾರದ ನಿಷೇಧವೂ ಪುನಃಪ್ರವೇಶವೂ: ಒಂದು ವಿವೇಚನೆ

ದಂಡನೆಯನ್ನು ಸೂಚಿಸುವ ಪದಗಳು ಕನ್ನಡದಲ್ಲಿ ಹಲವಿವೆ. ಅವುಗಳಲ್ಲಿ ತಡೆ, ನಿರ್ಬಂಧ, ನಿಷೇಧ, ಬಹಿಷ್ಕಾರ ಎಂಬ ನಾಲ್ಕನ್ನು ಲೋಕವ್ಯವಹಾರದಲ್ಲಿ ಒಂದಕ್ಕೊಂದು ಪರ್ಯಾಯವೆಂಬಂತೆ ಬಳಸುವುದುಂಟು. ಸೂಕ್ಷ್ಮವಾಗಿ ಪರಿಶೀಲಿಸಿದರೆ ಇವುಗಳ ಅರ್ಥವ್ಯಾಪ್ತಿ ಬೇರೆ ಬೇರೆಯಾಗಿರುವುದು ಗೋಚರಿಸುತ್ತದೆ. ನಡೆಯುತ್ತಿರುವ ಕಾರ್ಯವನ್ನು ಆ ಕ್ಷಣಕ್ಕೆ ನಿಲ್ಲಿಸುವುದು ತಡೆ. ಒಳಗಿದ್ದವನನ್ನು ಒಳಗೇ ಇರಗೊಟ್ಟು ಅವನ ಕೈಯನ್ನು ಮಾತ್ರ ಕೆಲಕಾಲ ಕಟ್ಟಿಹಾಕುವುದು ನಿರ್ಬಂಧ. ಇಂಥ ಕಾರ್ಯ ಕೂಡದೆಂದು ವಿಧಿಸುವುದು ನಿಷೇಧ. 'ಬಹಿಸ್' ಎಂದರೆ ಹೊರಗೆ. ವ್ಯಕ್ತಿಯನ್ನೇ ಹೊರಗೆ ಹಾಕುವುದು ಬಹಿಷ್ಕಾರ. ಮೊದಲಿನ ಎರಡರಲ್ಲಿ ಹಿಂದಿರುಗುವ ಮಾರ್ಗ ಸಹಜವಾಗಿಯೇ ಅಡಕವಾಗಿದೆ. ಕೊನೆಯದರಲ್ಲಿ ಆ ಮಾರ್ಗವನ್ನು ಯಾರಾದರೂ ಬೇರೆಯಾಗಿ ನಿರ್ಮಿಸಿಕೊಡಬೇಕಾಗುತ್ತದೆ.

ಈ ಅರ್ಥಭೇದ ಕೇವಲ ನಿಘಂಟಿನ ವಿಚಾರವಲ್ಲ. ಇಂದು ಉಪನ್ಯಾಸ, ಸಂಗೀತ, ಪಾಠ, ಉತ್ಸವ, ಸಭೆ ಮೊದಲಾದುವು ನಡೆಯುತ್ತಿರುವಾಗಲೇ ದೂರದ ವೀಕ್ಷಕರನ್ನು ಮುಟ್ಟುವುದು ಯೂಟ್ಯೂಬ್, ಫೇಸ್‌ಬುಕ್ ಮೊದಲಾದ ಸಾಮಾಜಿಕ ಮಾಧ್ಯಮಗಳ ನೇರಪ್ರಸಾರದ ಮೂಲಕ. ಆ ಬಾಗಿಲು ಒಂದು ದಿನ ಏಕಾಏಕಿ ಮುಚ್ಚಿಕೊಂಡಾಗ, ಮುಚ್ಚಿದ್ದು ನಿರ್ಬಂಧವೋ ಬಹಿಷ್ಕಾರವೋ, ಅದಕ್ಕೆ ಕಾರಣವೇನು, ಅವಧಿಯೆಷ್ಟು, ಮತ್ತೆ ತೆರೆಸಿಕೊಳ್ಳುವ ಕ್ರಮ ಯಾವುದು ಎಂಬ ಪ್ರಶ್ನೆಗಳು ಎದುರಾಗುತ್ತವೆ. ಈ ಪ್ರಶ್ನೆಗಳನ್ನು ಕ್ರಮವಾಗಿ ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ನೇರಪ್ರಸಾರಕ್ಕೆ ವಿಶೇಷ ಕಟ್ಟಳೆ ಏಕೆ?

ಬರೆಹವನ್ನಾಗಲಿ ಮುದ್ರಿತ ದೃಶ್ಯವನ್ನಾಗಲಿ ಪ್ರಕಟಣೆಗೆ ಮುನ್ನ ಪರಿಶೀಲಿಸಲು ಅವಕಾಶವಿದೆ. ನೇರಪ್ರಸಾರದಲ್ಲಿ ಕ್ರಿಯೆಗೂ ಪ್ರಕಟಣೆಗೂ ನಡುವೆ ಅಂತರವೇ ಇಲ್ಲ. ಇದರ ಅಪಾಯ ಜಗತ್ತಿಗೆ ಘೋರವಾಗಿ ಮನದಟ್ಟಾದುದು 2019ರ ಮಾರ್ಚ್ 15ರಂದು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ನಡೆದ ದಾಳಿಯಲ್ಲಿ 51 ಜನ ಪ್ರಾಣ ಕಳೆದುಕೊಂಡರು. ಕೊಲೆಗಾರನು ಸುಮಾರು 17 ನಿಮಿಷಗಳ ಕಾಲ ತನ್ನ ಕೃತ್ಯವನ್ನು ಫೇಸ್‌ಬುಕ್‌ನಲ್ಲಿ ನೇರವಾಗಿ ಪ್ರಸಾರ ಮಾಡಿದನು. ಆ ಸಮಯದಲ್ಲಿ ನೋಡಿದವರು 200ಕ್ಕೂ ಕಡಮೆ ಜನ. ವೀಕ್ಷಕನೊಬ್ಬನ ಮೊದಲ ದೂರು ಬಂದುದು ಪ್ರಸಾರ ಆರಂಭವಾದ 29 ನಿಮಿಷಗಳ ಅನಂತರ, ಎಂದರೆ ಪ್ರಸಾರ ಮುಗಿದು 12 ನಿಮಿಷಗಳಾದ ಮೇಲೆ. ಮುಂದಿನ 24 ಗಂಟೆಗಳಲ್ಲಿ ಆ ದೃಶ್ಯದ ಸುಮಾರು 15 ಲಕ್ಷ ಪ್ರತಿಗಳನ್ನು ಸಂಸ್ಥೆ ತೆಗೆದುಹಾಕಬೇಕಾಯಿತು. ಅವುಗಳಲ್ಲಿ 12 ಲಕ್ಷಕ್ಕೂ ಹೆಚ್ಚಿನವನ್ನು ಏರಿಸುವಾಗಲೇ ತಡೆಯಲಾಯಿತು.

ಈ ದುರಂತದ ತರುವಾಯ, 2019ರ ಮೇ ತಿಂಗಳಿನಲ್ಲಿ, ಫೇಸ್‌ಬುಕ್ ಒಂದು ಹೊಸ ಕಟ್ಟಳೆಯನ್ನು ಪ್ರಕಟಿಸಿತು. ಅತ್ಯಂತ ಗಂಭೀರವಾದ ನಿಯಮಗಳನ್ನು ಒಮ್ಮೆ ಮೀರಿದರೂ ಸಾಕು, ಆ ಬಳಕೆದಾರನ ನೇರಪ್ರಸಾರದ ಸೌಲಭ್ಯ 30 ದಿನಗಳಂತಹ ಒಂದು ನಿಶ್ಚಿತ ಅವಧಿಗೆ ರದ್ದಾಗುವುದು ಎಂಬುದು ಅದರ ಸಾರ. ಇಲ್ಲಿ ಗಮನಿಸತಕ್ಕ ಅಂಶ ಎರಡು. ಖಾತೆ ಉಳಿಯುತ್ತದೆ, ಒಂದು ಸೌಲಭ್ಯ ಮಾತ್ರ ಹೋಗುತ್ತದೆ. ಮತ್ತು ಹೋದ ಸೌಲಭ್ಯಕ್ಕೆ ಹಿಂದಿರುಗುವ ದಿನಾಂಕವಿದೆ. ಮೇಲೆ ಹೇಳಿದ ಪರಿಭಾಷೆಯಲ್ಲಿ ಇದು ನಿರ್ಬಂಧವೇ ಹೊರತು ಬಹಿಷ್ಕಾರವಲ್ಲ.

ದಂಡದ ಮೆಟ್ಟಿಲುಗಳು

ಯೂಟ್ಯೂಬ್ ಅನುಸರಿಸುವ ಕ್ರಮ ಇನ್ನೂ ಸ್ಪಷ್ಟವಾಗಿದೆ. ಸಮುದಾಯದ ನಿಯಮಗಳನ್ನು ಮೊದಲ ಬಾರಿ ಮೀರಿದವರಿಗೆ ಸಾಮಾನ್ಯವಾಗಿ ಎಚ್ಚರಿಕೆ ಮಾತ್ರ ದೊರೆಯುತ್ತದೆ. ಅನಂತರದ ತಪ್ಪಿಗೆ 'ಸ್ಟ್ರೈಕ್' ಎಂಬ ದೋಷಾಂಕ ಬೀಳುತ್ತದೆ. ಮೊದಲ ದೋಷಾಂಕಕ್ಕೆ ಒಂದು ವಾರ ದೃಶ್ಯಗಳನ್ನು ಏರಿಸುವಂತಿಲ್ಲ, ನೇರಪ್ರಸಾರವನ್ನೂ ನಡೆಸುವಂತಿಲ್ಲ. 90 ದಿನಗಳೊಳಗೆ ಎರಡನೆಯದು ಬಿದ್ದರೆ ಎರಡು ವಾರಗಳ ನಿರ್ಬಂಧ. ಅದೇ 90 ದಿನಗಳಲ್ಲಿ ಮೂರನೆಯದೂ ಬಿದ್ದರೆ ವಾಹಿನಿಯೇ ಶಾಶ್ವತವಾಗಿ ರದ್ದಾಗುತ್ತದೆ. ಪ್ರತಿಯೊಂದು ದೋಷಾಂಕವೂ ವಿಧಿಸಿದ ದಿನದಿಂದ 90 ದಿನಗಳಿಗೆ ತಾನಾಗಿ ಅಳಿದುಹೋಗುತ್ತದೆ. ದೋಷಕ್ಕೆ ಕಾರಣವಾದ ದೃಶ್ಯವನ್ನು ಅಳಿಸಿಬಿಟ್ಟರೆ ದೋಷಾಂಕವೂ ಅಳಿಯುವುದೆಂಬ ಭಾವನೆ ಹಲವರಲ್ಲಿದೆ, ಅದು ಸರಿಯಲ್ಲ. ಆಕ್ಷೇಪಿಸುವುದಕ್ಕೆ ಆಧಾರವಾಗಬೇಕಾದ ವಸ್ತುವನ್ನೇ ಕಳೆದುಕೊಂಡಂತಾಗುವುದಷ್ಟೆ ಅದರ ಫಲ.

ನಿಯಮಭಂಗದ ಉದ್ದೇಶವೇ ಇಲ್ಲದ ವಿದ್ಯಾಸಂಸ್ಥೆಗಳೂ ಈ ಮೆಟ್ಟಿಲುಗಳಲ್ಲಿ ಎಡವಲು ಮುಖ್ಯ ಕಾರಣ ಕೃತಿಸ್ವಾಮ್ಯ. ವಾರ್ಷಿಕೋತ್ಸವದ ನೃತ್ಯಕ್ಕೆ ಹಾಕಿದ ಚಲನಚಿತ್ರಗೀತೆ ನೇರಪ್ರಸಾರದಲ್ಲಿ ಸೇರಿಕೊಂಡರೆ, ಸ್ವಯಂಚಾಲಿತ ಪರೀಕ್ಷಕವು ಅದನ್ನು ಗುರುತಿಸಿ ಪ್ರಸಾರವನ್ನು ನಡುವಿನಲ್ಲೇ ನಿಲ್ಲಿಸಬಹುದು. ಸ್ವಾಮ್ಯದ ದೂರಿನ ಮೇರೆಗೆ ನೇರಪ್ರಸಾರವೊಂದನ್ನು ತೆಗೆದುಹಾಕಿದರೆ 7 ದಿನಗಳ ಕಾಲ ಆ ಸೌಲಭ್ಯವೂ ಇಲ್ಲವಾಗಬಹುದು. ಮತ್ತೊಂದು ಕಾರಣ ವಯಸ್ಸಿನದು. 2025ರ ಜುಲೈ 22ರಿಂದ ಯೂಟ್ಯೂಬ್‌ನಲ್ಲಿ ಸ್ವತಂತ್ರವಾಗಿ ನೇರಪ್ರಸಾರ ನಡೆಸಲು 16 ವರ್ಷ ತುಂಬಿರಬೇಕೆಂಬ ನಿಯಮ ಜಾರಿಗೆ ಬಂದಿದೆ. ಅದಕ್ಕಿಂತ ಕಿರಿಯರು ಹಿರಿಯರ ಜತೆಯಲ್ಲಿ ಕಾಣಿಸಿಕೊಳ್ಳದೆ ಪ್ರಸಾರ ನಡೆಸಿದರೆ ನಿರ್ಬಂಧ ಒದಗಬಹುದು. ಮಕ್ಕಳಿಂದಲೇ ಕಾರ್ಯಕ್ರಮ ನಡೆಸುವ ಶಾಲೆಗಳ ಉಪಾಧ್ಯಾಯರು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡತಕ್ಕದ್ದು.

ಹಿಂದಿರುಗುವ ಮಾರ್ಗಗಳು

ಹಿಂದಿರುಗಲು ಮುಖ್ಯವಾಗಿ ಮೂರು ಮಾರ್ಗಗಳುಂಟು. ಮೊದಲನೆಯದು ಕಾಲಕ್ಷೇಪ. ತಪ್ಪು ನಡೆದಿರುವುದು ನಿಜವಾದರೆ, ವಿಧಿಸಿದ ಅವಧಿಯನ್ನು ಮೌನವಾಗಿ ಕಳೆಯುವುದೇ ಯುಕ್ತ. ಕೃತಿಸ್ವಾಮ್ಯದ ದೋಷಾಂಕವಾದರೆ, ಸಂಸ್ಥೆ ಒದಗಿಸುವ ಕಿರುಪಾಠವನ್ನು ಮುಗಿಸಿ 90 ದಿನ ಕಾಯಬೇಕು.

ಎರಡನೆಯದು ಮನವಿ. ಯೂಟ್ಯೂಬ್‌ನಲ್ಲಿ ಒಂದು ದೋಷಾಂಕದ ವಿರುದ್ಧ ಒಂದೇ ಬಾರಿ ಮನವಿ ಸಲ್ಲಿಸಲು ಸಾಧ್ಯ. ಆದುದರಿಂದ ಆ ಒಂದು ಅವಕಾಶವನ್ನು ಕೋಪದಲ್ಲಿ ಬರೆದ ನಾಲ್ಕು ಸಾಲುಗಳಿಗೆ ವ್ಯಯ ಮಾಡಲಾಗದು. ಯಾವ ನಿಯಮವನ್ನು ಮೀರಿದೆಯೆಂಬುದು ಆರೋಪ, ಪ್ರಸಾರದ ಯಾವ ನಿಮಿಷದಲ್ಲಿ ಆ ಭಾಗವಿದೆ, ಅದರ ಸಂದರ್ಭವೇನು, ನಿಯಮದ ಯಾವ ಮಾತಿಗೆ ಅದು ಒಳಪಡುವುದಿಲ್ಲ ಎಂಬಿಷ್ಟನ್ನು ಸಂಯಮದಿಂದ ನಿರೂಪಿಸುವುದು ಅಗತ್ಯ. ಕೃತಿಸ್ವಾಮ್ಯದ ವಿಷಯದಲ್ಲಿ ದೂರುದಾರನೇ ದೂರನ್ನು ಹಿಂದೆಗೆದುಕೊಳ್ಳುವಂತೆ ಕೇಳಬಹುದು. ಇಲ್ಲವೇ ಅಮೆರಿಕದ 1998ರ ಕಾನೂನಿನಂತೆ ಪ್ರತಿ-ಸೂಚನೆ ನೀಡಬಹುದು. ಪ್ರತಿ-ಸೂಚನೆ ಬಂದ ಮೇಲೆ ದೂರುದಾರನು ನ್ಯಾಯಾಲಯಕ್ಕೆ ಹೋಗದಿದ್ದರೆ, 10ರಿಂದ 14 ಕೆಲಸದ ದಿನಗಳಲ್ಲಿ ತೆಗೆದುಹಾಕಿದ್ದನ್ನು ಮರಳಿ ಸ್ಥಾಪಿಸಬೇಕೆಂದು ಆ ಕಾನೂನು ಹೇಳುತ್ತದೆ. ಆದರೆ ಇದು ಪ್ರಮಾಣಪೂರ್ವಕವಾದ ಕಾನೂನು ಹೇಳಿಕೆ. ಸುಳ್ಳಾಡಿದರೆ ಶಿಕ್ಷೆಯುಂಟು, ಹೇಳಿಕೆ ನೀಡಿದವರ ಹೆಸರು ವಿಳಾಸಗಳು ದೂರುದಾರನಿಗೆ ತಲಪುತ್ತವೆ. ಹಕ್ಕು ನಿಶ್ಚಿತವಾಗಿರುವಲ್ಲಿ ಮಾತ್ರ ಇದನ್ನು ಬಳಸಬೇಕು.

ಮೂರನೆಯದು ಹೊಸದಾಗಿ ಆರಂಭಿಸುವುದು. ನಿರ್ಬಂಧದ ಕಾಲದಲ್ಲಿ ಬೇರೊಂದು ಖಾತೆ ತೆರೆದು ಪ್ರಸಾರ ನಡೆಸುವುದು ಹಲವರಿಗೆ ಸುಲಭೋಪಾಯವಾಗಿ ತೋರುತ್ತದೆ. ನಿಯಮದ ದೃಷ್ಟಿಯಲ್ಲಿ ಅದು ನಿರ್ಬಂಧದಿಂದ ನುಣುಚಿಕೊಳ್ಳುವ ಯತ್ನ. ಅದರ ಫಲ ಎರಡೂ ವಾಹಿನಿಗಳ ನಾಶವಾಗಬಹುದು. ಶಾಶ್ವತವಾಗಿ ರದ್ದಾದವರಿಗೂ ಸಕ್ರಮವಾದ ಮಾರ್ಗವೊಂದನ್ನು ಯೂಟ್ಯೂಬ್ 2025ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ತೆರೆಯಿತು. ರದ್ದಾಗಿ ಒಂದು ವರ್ಷ ಕಳೆದ ಮೇಲೆ, ಅರ್ಹರಾದವರು ಹೊಸ ವಾಹಿನಿಗಾಗಿ ಕೋರಿಕೆ ಸಲ್ಲಿಸಬಹುದೆಂದು ಪ್ರಕಟಿಸಿತು. ಕೃತಿಸ್ವಾಮ್ಯದ ಉಲ್ಲಂಘನೆಗಾಗಿ ರದ್ದಾದವರು ಇದರಿಂದ ಹೊರತಾಗಿದ್ದಾರೆ.

ಅವಧಿಯಿಲ್ಲದ ದಂಡ: ಒಂದು ಪ್ರಸಿದ್ಧ ನಿದರ್ಶನ

ಮೇಲಿನ ಕ್ರಮಗಳೆಲ್ಲ ಅವಧಿ ಗೊತ್ತಿರುವ ದಂಡಗಳಿಗೆ ಸಂಬಂಧಿಸಿದುವು. ಅವಧಿಯನ್ನೇ ಹೇಳದೆ ವಿಧಿಸಿದ ದಂಡದ ಸ್ವರೂಪವನ್ನು ಅರಿಯಲು ಅಮೆರಿಕದ ಡೊನಾಲ್ಡ್ ಟ್ರಂಪ್ ಅವರ ಪ್ರಕರಣ ಉತ್ತಮ ನಿದರ್ಶನ. 2021ರ ಜನವರಿ 6ರಂದು ವಾಷಿಂಗ್‌ಟನ್ನಿನ ಸಂಸದ್‌ಭವನದ ಮೇಲೆ ಗುಂಪು ನುಗ್ಗಿತು. ಆಗ ಅಧ್ಯಕ್ಷರಾಗಿದ್ದ ಟ್ರಂಪ್ ಅವರ ಎರಡು ಪ್ರಕಟಣೆಗಳನ್ನು ಫೇಸ್‌ಬುಕ್ ತೆಗೆದುಹಾಕಿ, ಮೊದಲು 24 ಗಂಟೆಗಳ, ಮರುದಿನ ಅನಿರ್ದಿಷ್ಟ ಕಾಲದ ನಿಷೇಧವನ್ನು ವಿಧಿಸಿತು. ಟ್ವಿಟರ್ ಜನವರಿ 8ರಂದು ಶಾಶ್ವತವಾಗಿ ಹೊರಹಾಕಿತು. ಯೂಟ್ಯೂಬ್ ಮೊದಲು ಕನಿಷ್ಠ 7 ದಿನವೆಂದು ಹೇಳಿ, ಬಳಿಕ ಅದನ್ನು ಅನಿರ್ದಿಷ್ಟಗೊಳಿಸಿತು. ಖಾತೆಯ ಬಾಗಿಲೇ ಮುಚ್ಚಿದಾಗ ಬರೆಹದೊಡನೆ ನೇರಪ್ರಸಾರವೂ ಹೋಯಿತೆಂದು ಬೇರೆ ಹೇಳಬೇಕಿಲ್ಲ.

ಫೇಸ್‌ಬುಕ್ ಈ ನಿರ್ಣಯವನ್ನು ತಾನೇ ಸ್ಥಾಪಿಸಿದ ಮೇಲ್ವಿಚಾರಣಾ ಮಂಡಲಿಯ ಮುಂದಿಟ್ಟಿತು. ಮಂಡಲಿ 2021ರ ಮೇ 5ರಂದು ನೀಡಿದ ತೀರ್ಪಿನಲ್ಲಿ ಎರಡು ಭಾಗಗಳಿವೆ. ಆ ದಿನದ ಪರಿಸ್ಥಿತಿಯಲ್ಲಿ ಬಾಗಿಲು ಮುಚ್ಚಿದ್ದು ಸರಿಯೆಂಬುದು ಒಂದು. ಅವಧಿಯನ್ನಾಗಲಿ ಮಾನದಂಡವನ್ನಾಗಲಿ ಹೇಳದ ದಂಡವು ಸಂಸ್ಥೆಯ ನಿಯಮಗಳಲ್ಲಿಯೇ ಇಲ್ಲವಾದುದರಿಂದ ಅದು ಸರಿಯಲ್ಲ, ಆರು ತಿಂಗಳೊಳಗೆ ಅದನ್ನು ಪುನರ್ವಿಮರ್ಶಿಸಬೇಕು ಎಂಬುದು ಇನ್ನೊಂದು. ಅಪರಾಧ ನಿಜವಾಗಿದ್ದರೂ ದಂಡಕ್ಕೆ ಮಿತಿ ಬೇಕೆಂಬ ಈ ಎರಡನೆಯ ಭಾಗವೇ ಮುಂದೆ ಪುನಃಪ್ರವೇಶಕ್ಕೆ ದಾರಿಮಾಡಿತು. ಜೂನ್ 4ರಂದು ಸಂಸ್ಥೆ ಎರಡು ವರ್ಷಗಳ ಅವಧಿಯನ್ನು ಘೋಷಿಸಿತು. 2023ರ ಜನವರಿ 25ರಂದು ನಿಷೇಧ ಕೊನೆಗಾಣುವುದೆಂದು ತಿಳಿಸಿತು. ಫೆಬ್ರವರಿಯಲ್ಲಿ ಖಾತೆಗಳು ತೆರೆದುವು. ಮತ್ತೆ ತಪ್ಪಿದರೆ ಒಂದು ತಿಂಗಳಿನಿಂದ ಎರಡು ವರ್ಷಗಳವರೆಗೆ ನಿರ್ಬಂಧವೆಂಬ ವಿಶೇಷ ಷರತ್ತೂ ಆಗ ಜತೆಗಿತ್ತು. 2024ರ ಜುಲೈ 12ರಂದು ಆ ಷರತ್ತನ್ನೂ ತೆಗೆದುಹಾಕಲಾಯಿತು.

ಉಳಿದೆರಡು ಬಾಗಿಲುಗಳು ತೆರೆದ ಬಗೆ ಬೇರೆ. ಟ್ವಿಟರ್ ಸಂಸ್ಥೆಯನ್ನು 2022ರ ಅಕ್ಟೋಬರ್‌ನಲ್ಲಿ ಕೊಂಡ ಈಲಾನ್ ಮಸ್ಕ್ ಬಳಕೆದಾರರ ಮತ ಕೇಳಿದರು. ಶೇಕಡ 51.8ರಷ್ಟು ಮತ ಪರವಾಗಿ ಬಿದ್ದು, ನವೆಂಬರ್ 19ರಂದು ಖಾತೆ ಮರಳಿತು. ಯೂಟ್ಯೂಬ್ 2023ರ ಮಾರ್ಚ್ 17ರಂದು, ಹಿಂಸೆಯ ಸಂಭವವನ್ನೂ ಚುನಾವಣೆಯ ಅಭ್ಯರ್ಥಿಗಳ ಮಾತನ್ನು ಕೇಳುವ ಮತದಾರರ ಅವಕಾಶವನ್ನೂ ತೂಗಿನೋಡಿ ವಾಹಿನಿಯನ್ನು ತೆರೆದುದಾಗಿ ತಿಳಿಸಿತು. ಒಂದೇ ಘಟನೆಗೆ ಮೂರು ಬಾಗಿಲುಗಳು ಮುಚ್ಚಿದುವು. ಅವು ತೆರೆದುದು ತೀರ್ಪಿನಿಂದ ಒಂದು, ಒಡೆಯನ ಇಚ್ಛೆ ಮತ್ತು ಜನಮತದಿಂದ ಒಂದು, ಆಡಳಿತದ ವಿವೇಚನೆಯಿಂದ ಒಂದು. ವ್ಯಕ್ತಿಯ ವಿಷಯದಲ್ಲಿ ಓದುಗರ ಅಭಿಪ್ರಾಯ ಏನೇ ಇರಲಿ, ಸಾಮಾನ್ಯ ಬಳಕೆದಾರನಿಗೆ ಉಪಯೋಗವಾಗುವುದು ಮೊದಲಿನ ಕ್ರಮ ಒಂದೇ. ಲಕ್ಷಾಂತರ ಜನರ ಮತವಾಗಲಿ ಒಡೆಯನ ಕೃಪೆಯಾಗಲಿ ಒಬ್ಬ ಹಳ್ಳಿಯ ಉಪಾಧ್ಯಾಯನಿಗೆ ಒದಗಲಾರದು. ಬರೆದಿಟ್ಟ ನಿಯಮ ಒದಗಬಹುದು.

ಕಾನೂನಿನ ಆಸರೆ

ನ್ಯಾಯಾಲಯದ ಮಾರ್ಗ ಸುಗಮವಲ್ಲ. ಟ್ರಂಪ್ ಅವರು 2021ರ ಜುಲೈನಲ್ಲಿ ಮೂರೂ ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿದರು. ಸಂವಿಧಾನದ ವಾಕ್‌ಸ್ವಾತಂತ್ರ್ಯದ ವಿಧಿ ಸರ್ಕಾರವನ್ನು ಕಟ್ಟಿಹಾಕುವುದೇ ಹೊರತು ಖಾಸಗಿ ಸಂಸ್ಥೆಯನ್ನಲ್ಲವೆಂಬ ಆಧಾರದ ಮೇಲೆ ಟ್ವಿಟರ್ ವಿರುದ್ಧದ ದಾವೆ 2022ರ ಮೇ ತಿಂಗಳಿನಲ್ಲಿ ವಜಾ ಆಯಿತು. 2025ರಲ್ಲಿ, ಅವರು ಮತ್ತೆ ಅಧ್ಯಕ್ಷರಾದ ಕಾಲದಲ್ಲಿ, ಮೂರೂ ಪ್ರಕರಣಗಳು ರಾಜಿಯಲ್ಲಿ ಮುಗಿದುವು. ಮೆಟಾ ಸಂಸ್ಥೆ 2.5 ಕೋಟಿ ಡಾಲರ್, ಯೂಟ್ಯೂಬ್ 2.45 ಕೋಟಿ ಡಾಲರ್ ನೀಡಲೊಪ್ಪಿದುವು. ರಾಜಿಯಿಂದ ತತ್ತ್ವನಿರ್ಣಯವಾಗಲಿಲ್ಲ.

ತತ್ತ್ವವನ್ನು ಶಾಸನರೂಪಕ್ಕೆ ತಂದುದು ಯೂರೋಪಿಯನ್ ಒಕ್ಕೂಟ. 2024ರ ಫೆಬ್ರವರಿ 17ರಿಂದ ಪೂರ್ಣವಾಗಿ ಜಾರಿಗೊಂಡ ಅದರ ಡಿಜಿಟಲ್ ಸೇವೆಗಳ ಕಾಯಿದೆ, ನಿರ್ಬಂಧಕ್ಕೆ ಕಾರಣವನ್ನು ತಿಳಿಸಬೇಕೆಂದೂ, ಕನಿಷ್ಠ ಆರು ತಿಂಗಳು ಆಕ್ಷೇಪಣೆಗೆ ಅವಕಾಶವಿರಬೇಕೆಂದೂ, ನ್ಯಾಯಾಲಯದ ಹೊರಗೆ ವಿವಾದ ಬಗೆಹರಿಸುವ ಮಂಡಲಿಗಳಿಗೆ ಹೋಗಬಹುದೆಂದೂ ವಿಧಿಸಿದೆ. ಭಾರತದಲ್ಲಿ 2021ರ ಫೆಬ್ರವರಿ 25ರ ಮಾಹಿತಿ ತಂತ್ರಜ್ಞಾನ ನಿಯಮಗಳು ಪ್ರತಿ ಸಂಸ್ಥೆಯಲ್ಲಿಯೂ ಕುಂದುಕೊರತೆಗಳ ಅಧಿಕಾರಿ ಇರತಕ್ಕದ್ದೆಂದು ಹೇಳಿದುವು. 50 ಲಕ್ಷಕ್ಕೂ ಮಿಕ್ಕಿ ಬಳಕೆದಾರರುಳ್ಳ ಸಂಸ್ಥೆ, ನಿಯಮಭಂಗವೆಂದು ತಾನಾಗಿ ಏನನ್ನಾದರೂ ತೆಗೆದುಹಾಕುವಾಗ ಬಳಕೆದಾರನಿಗೆ ಕಾರಣ ತಿಳಿಸಿ, ಆಕ್ಷೇಪಿಸಲು ಅವಕಾಶ ಕೊಡಬೇಕೆಂದೂ ಅವು ವಿಧಿಸಿದುವು. 2022ರ ತಿದ್ದುಪಡಿಯಿಂದ ಮೂಡಿದ ಮೇಲ್ಮನವಿ ಸಮಿತಿಗಳು 2023ರ ಮಾರ್ಚ್ 1ರಂದು ಕಾರ್ಯಾರಂಭ ಮಾಡಿದುವು. ಅಧಿಕಾರಿಯ ಉತ್ತರದಿಂದ ತೃಪ್ತರಾಗದವರು 30 ದಿನಗಳೊಳಗೆ ಈ ಸಮಿತಿಗೆ ಮನವಿ ಸಲ್ಲಿಸಬಹುದು. ಈ ಮಾರ್ಗವನ್ನು ಬಲ್ಲ ವಿದ್ಯಾಸಂಸ್ಥೆಗಳು ವಿರಳ.

ಉಪಸಂಹಾರ

ಅತಿಯಾದ ದಂಡವೂ ತೀರ ಸಡಿಲವಾದ ದಂಡವೂ ಆಳ್ವಿಕೆಯನ್ನು ಕೆಡಿಸುತ್ತವೆಂಬ ವಿವೇಚನೆ ಕೌಟಿಲ್ಯನ ಅರ್ಥಶಾಸ್ತ್ರದಷ್ಟು ಹಳೆಯದು. ಅಪರಾಧಕ್ಕೆ ತಕ್ಕುದಾದ ದಂಡವನ್ನು ಆ ಗ್ರಂಥ 'ಯಥಾರ್ಹ' ಎಂಬ ಪದದಿಂದ ಸೂಚಿಸುತ್ತದೆ. ಕ್ರೈಸ್ಟ್‌ಚರ್ಚಿನ ಘಟನೆ ದಂಡ ಬೇಕೆಂಬುದನ್ನೂ, ಮಂಡಲಿಯ ತೀರ್ಪು ದಂಡಕ್ಕೆ ಮಿತಿ ಬೇಕೆಂಬುದನ್ನೂ ಈ ಕಾಲಕ್ಕೆ ಮತ್ತೆ ತಿಳಿಸಿಕೊಟ್ಟಿವೆ.

ವಿದ್ಯಾಸಂಸ್ಥೆಗಳು ಇದರಿಂದ ಕಲಿಯಬೇಕಾದ ಆಚರಣೆ ಸರಳವಾಗಿದೆ. ವಾಹಿನಿಯ ಹೊಣೆ ಹೊತ್ತ ಉಪಾಧ್ಯಾಯರು ಯಾರೆಂಬುದನ್ನು ಬರೆವಣಿಗೆಯಲ್ಲಿ ಗೊತ್ತುಪಡಿಸುವುದು. ಪ್ರತಿ ಪ್ರಸಾರದ ಪ್ರತಿಯನ್ನು ತಮ್ಮಲ್ಲಿಯೇ ಕಾಪಿಡುವುದು. ಬಳಸುವ ಹಾಡಿಗೆ ಮೊದಲೇ ಅನುಮತಿ ಪಡೆಯುವುದು, ದೊರೆಯದಿದ್ದರೆ ಮಕ್ಕಳಿಂದಲೇ ಹಾಡಿಸುವಾಗಲೂ ಕೃತಿಯ ಹಕ್ಕನ್ನು ವಿಚಾರಿಸುವುದು. ನಿರ್ಬಂಧ ಒದಗಿದಾಗ ಆದೇಶವನ್ನು ಪೂರ್ಣವಾಗಿ ಓದಿ, ದಿನಾಂಕವನ್ನು ಗುರುತಿಸಿ, ಒಂದೇ ಮನವಿಯನ್ನು ವಿಚಾರಪೂರ್ವಕವಾಗಿ ಸಲ್ಲಿಸುವುದು. ದೂರದ ಊರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಶಾಲೆಯ ಅಂಗಳವನ್ನು ವರ್ಷಕ್ಕೊಮ್ಮೆಯಾದರೂ ಕಾಣುವ ಕಿಟಕಿ ಇಂದು ಈ ಪ್ರಸಾರವೇ ಆಗಿರುವುದರಿಂದ, ಅದನ್ನು ತೆರೆದಿಟ್ಟುಕೊಳ್ಳುವ ಜಾಗರೂಕತೆ ಆಡಳಿತದ ಒಂದು ಸಹಜ ಕರ್ತವ್ಯವೆಂದು ಭಾವಿಸಬೇಕಾಗಿದೆ.