ರಿಪ್ಲೈ ಆಲ್ ಒತ್ತಿದ ಮರುದಿನ

ಬೆಳಿಗ್ಗೆ ಒಂಬತ್ತೂವರೆಗೆ ಗೇಟಿನ ಮೇಲೆ ಕಾರ್ಡ್ ಇಟ್ಟರೆ ಕೆಂಪು ದೀಪ. ಕಾರ್ಡನ್ನು ಅಂಗಿಗೆ ಒರೆಸಿ ಮತ್ತೆ ಇಟ್ಟೆ, ಮತ್ತೆ ಕೆಂಪು. ಹಿಂದೆ ಸಾಲು ಬೆಳೆಯಿತು. ದಿನಾ ನಗುತ್ತ ಮಾತಾಡಿಸುತ್ತಿದ್ದ ಸೆಕ್ಯುರಿಟಿಯವರು ಮುಖ ನೋಡದೆ, "ಸರ್, ಸ್ವಲ್ಪ ಸೈಡಿಗೆ ಬನ್ನಿ" ಅಂದರು. ಹತ್ತು ನಿಮಿಷದಲ್ಲಿ ರಿಸೆಪ್ಶನ್ ಮೇಜಿನ ಮೇಲೆ ಲ್ಯಾಪ್‌ಟಾಪು, ಚಾರ್ಜರು, ಕಾರ್ಡು ಒಪ್ಪಿಸಿ ರಿಜಿಸ್ಟರಿಗೆ ಸಹಿ ಹಾಕಿದ್ದೆ. ಒಂದು ವರ್ಷ ಏಳು ತಿಂಗಳ ಟೆಸ್ಟಿಂಗ್ ಕೆಲಸ ಅಲ್ಲಿಗೆ ಮುಗಿಯಿತು. ಕಾರಣ, ಹಿಂದಿನ ರಾತ್ರಿ 11.40ಕ್ಕೆ ನಾನು ಕಳಿಸಿದ ಹದಿನಾಲ್ಕು ಸಾಲಿನ ಮೇಲ್.

ಇದು 2019ರ ಮಾತು, ವೈಟ್‌ಫೀಲ್ಡ್ ಕಡೆಯ ಒಂದು ಕಚೇರಿ. ಆಮೇಲೆ ಇಂಥದೇ ಸಂಕಟದಲ್ಲಿ ಸಿಕ್ಕವರು ಯಾರ‍್ಯಾರಿಂದಲೋ ನಂಬರ್ ಪಡೆದು ನನಗೆ ಫೋನ್ ಮಾಡುವುದುಂಟು. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ತಾರೀಖು ಬರೆಯಿರಿ, ಬುದ್ಧಿ ಹೇಳಬೇಡಿ.

ರಿಲೀಸ್ ತಡವಾದದ್ದಕ್ಕೆ ಟೆಸ್ಟಿಂಗ್ ತಂಡವೇ ಕಾರಣ ಎಂದು ಕ್ಲೈಂಟ್ ಕಡೆಯ ಮ್ಯಾನೇಜರ್ ಎಲ್ಲರಿಗೂ ಮೇಲ್ ಹಾಕಿದ್ದರು. ಸೋಮವಾರ ಬರಬೇಕಾದ ಬಿಲ್ಡ್ ನಮ್ಮ ಕೈಗೆ ಬಂದದ್ದು ಗುರುವಾರ ಸಂಜೆ. ಅದನ್ನೇ ದಿನ, ಗಂಟೆ ಸಮೇತ ಬರೆದೆ. ಜೊತೆಗೆ ಅವರೇ ಚಾಟ್‌ನಲ್ಲಿ "ಸಾರಿ, ಲೇಟಾಯ್ತು" ಅಂದದ್ದನ್ನೂ ಅಂಟಿಸಿದೆ. ಸಿಸಿಯಲ್ಲಿ ಇಪ್ಪತ್ಮೂರು ಜನ, ಅವರ ಬಾಸಿನ ಬಾಸ್ ಕೂಡ. ಒಂದು ಸಾಲೂ ಸುಳ್ಳಲ್ಲ. ಆದರೆ ಕೊನೆಗೆ, "ಇನ್ನು ಮುಂದಾದರೂ ಸರಿಯಾದ ಮಾಹಿತಿ ಕೊಡುವಿರೆಂದು ನಂಬಿದ್ದೇನೆ" ಎಂದು ಸೇರಿಸಿದ್ದೆ. ಬರೆದಾಗ ಆದ ಖುಷಿ ಇನ್ನೂ ನೆನಪಿದೆ. ಬಿಲ್ಡ್‌ನ ತಾರೀಖನ್ನು ಅವರು ಹೇಗೋ ನುಂಗಿಕೊಳ್ಳುತ್ತಿದ್ದರು. ಈ ಸಾಲು ಗಂಟಲಿಗೆ ಸಿಕ್ಕಿಕೊಂಡಿತು.

2. ನಿಮ್ಮ ಯಜಮಾನ ಯಾರೆಂದು ಕೆಲಸಕ್ಕೆ ಸೇರಿದ ದಿನವೇ ಓದಿಕೊಳ್ಳಿ.

ನಾನು ಕೂತದ್ದು ಕ್ಲೈಂಟ್ ಕಚೇರಿಯಲ್ಲಿ, ಕುಡಿದದ್ದು ಅಲ್ಲಿನ ಕಾಫಿ, ರಜೆ ಕೇಳಿದ್ದು ಅಲ್ಲಿನ ಮ್ಯಾನೇಜರನ್ನು. ಸಂಬಳ ಮಾತ್ರ ಜಯನಗರದ ಒಂದು ಮಹಡಿಯಲ್ಲಿದ್ದ ವೆಂಡರ್ ಕಂಪನಿಯಿಂದ ಬರುತ್ತಿತ್ತು. ಅಲ್ಲಿಗೆ ನಾನು ಹೋದದ್ದು ಒಂದೇ ಸಲ, ಆಧಾರ್ ಪ್ಯಾನ್ ಜೆರಾಕ್ಸ್ ಕೊಡಲು.

ಇಲ್ಲಿ ಎರಡು ಕಾಗದ ಇರುತ್ತವೆ. ಒಂದು ಕ್ಲೈಂಟಿಗೂ ವೆಂಡರಿಗೂ ಆದ ಒಪ್ಪಂದ. ಅದನ್ನು ನಮಗೆ ಯಾರೂ ತೋರಿಸುವುದಿಲ್ಲ. ಬೇಡವೆನಿಸಿದವರನ್ನು ನಿಂತ ಕಾಲಲ್ಲಿ ವಾಪಸ್ ಕಳಿಸುವ ಹಕ್ಕು ಕ್ಲೈಂಟಿಗೆ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಇನ್ನೊಂದು ನಮಗೂ ವೆಂಡರಿಗೂ ಆದ ಆಫರ್ ಲೆಟರ್. ನನ್ನದರಲ್ಲಿ ಎರಡೂ ಕಡೆಗೆ ಮೂವತ್ತು ದಿನದ ನೋಟಿಸ್ ಅಂತಿತ್ತು. ಗೇಟಿನಲ್ಲಿ ಕೆಂಪು ದೀಪ ಹತ್ತಿದ್ದು ಮೊದಲನೆಯ ಕಾಗದದ ಪ್ರಕಾರ. ಎರಡನೆಯದು ಇನ್ನೂ ಜೀವಂತವಾಗಿತ್ತು. ಆ ದಿನ ನನಗೆ ಇದು ಹೊಳೆಯಲಿಲ್ಲ. ಕ್ಲೈಂಟ್ ಮ್ಯಾನೇಜರಿಗೆ ಫೋನ್ ಮೇಲೆ ಫೋನ್ ಮಾಡುತ್ತ ಅರ್ಧ ದಿನ ಕಳೆದೆ. ಅವರು ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ.

"ಕ್ಲೈಂಟ್ ಬೇಡ ಅಂದ್ರೆ ನಾವೇನ್ಮಾಡೋಕಾಗುತ್ತೆ ಸರ್?" ಅಂತ ವೆಂಡರ್ ಕಡೆಯವರು ಕೇಳುತ್ತಾರೆ. ಬೇರೆ ಪ್ರಾಜೆಕ್ಟ್ ಹುಡುಕಬಹುದು, ಇಲ್ಲವೇ ನೋಟಿಸ್ ಅವಧಿಯ ಸಂಬಳ ಕೊಡಬಹುದು. ಈ ಉತ್ತರ ನನಗೆ ಹೊಳೆದದ್ದು ನಾಲ್ಕು ದಿನದ ನಂತರ.

3. ರಾಜೀನಾಮೆ ಬರೆದುಕೊಡಬೇಡಿ.

ಅದೇ ಮಧ್ಯಾಹ್ನ ವೆಂಡರ್ ಎಚ್‌ಆರ್ ಫೋನ್ ಮಾಡಿದರು. ದನಿ ತುಂಬ ಮೃದು. "ನೀವೇ ರಿಸೈನ್ ಮಾಡ್ಬಿಡಿ ಸರ್, ರೆಕಾರ್ಡ್ ಕ್ಲೀನಾಗಿರುತ್ತೆ." ನಾನು ಅರ್ಧ ಟೈಪ್ ಮಾಡಿಯೂ ಆಗಿತ್ತು. ತಡೆದವಳು ಹೆಂಡತಿ, "ಅವ್ರು ಕಳ್ಸಿದ್ದಕ್ಕೆ ನೀವ್ಯಾಕ್ರೀ ಬಿಡ್ತೀನಿ ಅಂತ ಬರೀಬೇಕು?" ಎಂದು. ನೀವೇ ಬಿಟ್ಟಿರೆಂದು ಕಾಗದದಲ್ಲಿ ಬಂದ ಮೇಲೆ ವಜಾ ಆದದ್ದಕ್ಕೆ ಸಾಕ್ಷಿ ಎಲ್ಲಿ? ನೋಟಿಸ್ ಕೊಡಬೇಕಾದ ಹೊಣೆಯೂ ತಿರುಗಿ ನಿಮ್ಮ ಕುತ್ತಿಗೆಗೇ ಬರುತ್ತದೆ. ಹೀಗೆ ಬರೆದುಕೊಟ್ಟ ನನ್ನ ಗೆಳೆಯನೊಬ್ಬನ ಕೊನೆಯ ಸಂಬಳದಿಂದಲೇ ನೋಟಿಸ್ ದುಡ್ಡು ಮುರಿದುಕೊಂಡಿದ್ದಾರೆ.

4. ಕಾಗದ ಮನೆಯಲ್ಲಿರಲಿ.

ಆಫರ್ ಲೆಟರ್, ಅವಧಿ ವಿಸ್ತರಿಸಿದ ಪತ್ರಗಳು, ಪೇ ಸ್ಲಿಪ್, ಇವು ನಿಮ್ಮವು. ಬಂದ ದಿನವೇ ಮನೆಗೆ ಒಯ್ಯಿರಿ. ಕಚೇರಿ ಮೇಲ್‌ಬಾಕ್ಸ್ ನಿಮ್ಮದಲ್ಲ, ಕಾರ್ಡಿನ ಜೊತೆಗೇ ಅದೂ ಮುಚ್ಚುತ್ತದೆ. ಹಾಗಂತ ಜಗಳದ ರಾತ್ರಿ ಕಚೇರಿಯ ಮೇಲ್‌ಗಳನ್ನೆಲ್ಲ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳುವ ಬುದ್ಧಿವಂತಿಕೆ ಬೇಡ. ಹೊರಹಾಕಲು ಕಾರಣ ಇಲ್ಲದವರ ಕೈಗೆ ಕಾರಣ ಕೊಟ್ಟಂತಾಗುತ್ತದೆ. ಯಾರು, ಯಾವತ್ತು, ಎಷ್ಟು ಗಂಟೆಗೆ, ಏನು ಹೇಳಿದರು ಎಂದು ಡೈರಿಯಲ್ಲಿ ಬರೆದಿಡಿ, ಸಾಕು. ಆಮೇಲೆ ನಾನು ವೆಂಡರಿಗೆ ಬರೆದ ಪತ್ರಕ್ಕೆ ಆಧಾರವಾದದ್ದು ಅಂಥ ಎರಡು ಪುಟ.

5. ಕಾನೂನು ಅಷ್ಟೇನೂ ದೂರ ಇಲ್ಲ.

"ಕಾಂಟ್ರಾಕ್ಟ್‌ನವರಿಗೆ ಏನೂ ಇಲ್ಲ" ಅನ್ನುವುದನ್ನು ನಾನೂ ನಂಬಿದ್ದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಕಲಂ ನೋಡಿ. ಆರು ತಿಂಗಳು ಸತತ ದುಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ. ದುರ್ವರ್ತನೆ ಎಂದರೆ ನೋಟಿಸ್ ಬೇಡ, ಆದರೆ ವಿಚಾರಣೆ ನಡೆಸಿ ಅದನ್ನು ಸಾಬೀತು ಮಾಡಬೇಕು. ನನಗೆ ಯಾವ ವಿಚಾರಣೆಯೂ ನಡೆದಿರಲಿಲ್ಲ. ಈಗಿನವರಿಗೆ ಇನ್ನೊಂದು ಅನುಕೂಲ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸದಿಂದ ತೆಗೆದವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು.

ನಾನು ವಕೀಲರ ಹತ್ತಿರ ಹೋಗಲಿಲ್ಲ. ವೆಂಡರಿಗೆ ಒಂದು ಪುಟದ ಪತ್ರ ಬರೆದೆ: ಸೇರಿದ ತಾರೀಖು, ಗೇಟಿನಲ್ಲಿ ನಿಲ್ಲಿಸಿದ ತಾರೀಖು, ಆಫರ್ ಲೆಟರಿನ ನೋಟಿಸ್ ಷರತ್ತು, 39ನೇ ಕಲಂ, ಬರಬೇಕಾದ ಮೊತ್ತ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ದೂರು ಕೊಡುವೆನೆಂದೂ ಸೇರಿಸಿದೆ. ಮ್ಯಾನೇಜರ್ ಬಗ್ಗೆ ಒಂದಕ್ಷರ ಇಲ್ಲ. ಒಂದನೇ ಪಾಠ ಅಷ್ಟರಲ್ಲಿ ತಲೆಗೆ ಹತ್ತಿತ್ತು. ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಇಪ್ಪತ್ತೆರಡನೇ ದಿನ ಒಂದು ತಿಂಗಳ ಸಂಬಳ ಖಾತೆಗೆ ಬಂತು, ಪತ್ರಕ್ಕೆ ಉತ್ತರ ಬರಲಿಲ್ಲ. ಎಲ್ಲರಿಗೂ ಇಷ್ಟು ಸಲೀಸಾಗಿ ಆಗುತ್ತದೆಂದು ಹೇಳಲಾರೆ.

6. ಪಿಎಫ್ ಪಾಸ್‌ಬುಕ್ ತೆಗೆದು ನೋಡಿ. ವೆಂಡರ್ ನಿಮ್ಮ ಕೆಲಸ ಬಿಟ್ಟ ತಾರೀಖು ಹಾಕದೆ ಸತಾಯಿಸಿದರೆ, ಕೊನೆಯ ವಂತಿಗೆಯ ಎರಡು ತಿಂಗಳ ನಂತರ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ನನ್ನ ಕಾಲಕ್ಕೆ ಈ ಸೌಲಭ್ಯ ಇರಲಿಲ್ಲ.

7. ಪಿಎಫ್ ಕಡಿತವೇ ಇಲ್ಲದೆ, ತಿಂಗಳಿಗೊಂದು ಇನ್ವಾಯ್ಸ್ ಕೊಟ್ಟು, ಶೇ 10 ಟಿಡಿಎಸ್ ಹಿಡಿದ ದುಡ್ಡು ಪಡೆಯುತ್ತಿದ್ದೀರಾ? ಹಾಗಾದರೆ ಕಾಗದದ ಮೇಲೆ ನೀವು ನೌಕರರಲ್ಲ, ವ್ಯಾಪಾರಿ. ನೋಟಿಸ್ ಬಗ್ಗೆ ಒಪ್ಪಂದದಲ್ಲಿ ಏನಿದೆಯೋ ಅಷ್ಟೇ. ಕೆಲಸ ಶುರು ಮಾಡುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಬಿಲ್ಲಿನ ಹಣಕ್ಕೆ ಹೆಚ್ಚೆಂದರೆ 45 ದಿನದ ಗಡುವು, ಮೀರಿದರೆ ಬಡ್ಡಿ. ಇದನ್ನು ಒಂದು ಸಾಲಿನಲ್ಲಿ ನೆನಪಿಸಿದರೆ ಕೆಲವು ಬಿಲ್ಲುಗಳು ತಾವಾಗಿಯೇ ಪಾಸಾಗುತ್ತವೆ.

8. ಮೇಲ್‌ಗೆ ಉತ್ತರಿಸದವರ ಮೇಲೆ ಸಿಟ್ಟು ಮಾಡಬೇಡಿ.

ಈ ಪಾಠ ನನಗೆ ಕಷ್ಟಪಟ್ಟು ಬಂತು. ಬಿಲ್ಡ್ ಗುರುವಾರ ಬಂದದ್ದು ಪಕ್ಕದ ಸೀಟಿನ ಗೆಳೆಯನಿಗೂ ಗೊತ್ತಿತ್ತು. ಇಪ್ಪತ್ಮೂರು ಜನರ ನಡುವೆ ಅವನೊಬ್ಬ "ಹೌದು" ಅಂದಿದ್ದರೆ ಎಂದು ಎಷ್ಟೋ ರಾತ್ರಿ ನಿದ್ದೆಗೆಟ್ಟೆ. ಅವನೂ ಅದೇ ವೆಂಡರಿನವನು, ಹೆಂಡತಿಗೆ ಏಳು ತಿಂಗಳು. ಮೂರು ವಾರದ ಮೇಲೆ ಅವನೇ ಫೋನ್ ಮಾಡಿ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿಗೆ ಬರಹೇಳಿದ. ನನ್ನ ಡ್ರಾಯರ್‌ನಲ್ಲಿ ಉಳಿದಿದ್ದ ಊಟದ ಡಬ್ಬಿ ತಂದಿದ್ದ. ಮೇಲ್ ಕಳಿಸಿದ ದಿನದ ಚಿತ್ರಾನ್ನ ಅದರಲ್ಲೇ ಉಳಿದಿತ್ತು ಅನ್ನುವುದು ನನಗೆ ಆಗ ನೆನಪಾಯಿತು. ತೊಳೆದು, ಒರೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ. ಮೇಲ್ ವಿಷಯ ಇಬ್ಬರೂ ಎತ್ತಲಿಲ್ಲ. ಅವನ ಬಸ್ ಬರುವವರೆಗೆ ಕಡಲೆಕಾಯಿ ತಿನ್ನುತ್ತ ನಿಂತಿದ್ದೆವು.