ಜೋಗದ ನಾಲ್ಕು ದಾರಿಗಳು

ಮಳೆಗಾಲದ ಒಂದು ಬೆಳಗ್ಗೆ ಭದ್ರಾವತಿಯ ನ್ಯೂ ಟೌನಿನಿಂದ ಕೆಲವು ವಿದ್ಯಾರ್ಥಿಗಳೊಡನೆ ಹೊರಟ ನಾವು, ಶಿವಮೊಗ್ಗ, ಸಾಗರಗಳನ್ನು ದಾಟಿ ಜೋಗವನ್ನು ತಲಪಿದಾಗ ಕಣಿವೆಯೆಲ್ಲ ಮಂಜಿನಿಂದ ತುಂಬಿತ್ತು. ಜಲಪಾತವು ಕಣ್ಣಿಗೆ ಕಾಣುವ ಮೊದಲೇ ಅದರ ಮೊರೆತವು ಕಿವಿಗೆ ಬಿದ್ದಿತು.

ಸೀತೆಯ ಬಾಯಾರಿಕೆಯನ್ನು ತಣಿಸಲು ಶ್ರೀರಾಮನು ಬಾಣದಿಂದ ನೆಲವನ್ನು ಭೇದಿಸಿದನೆಂದೂ, ಅಲ್ಲಿ ಚಿಮ್ಮಿದ ನೀರೇ ಶರಾವತಿಯೆಂದೂ ಜನರು ಹೇಳುತ್ತಾರೆ. ತೀರ್ಥಹಳ್ಳಿ ತಾಲ್ಲೂಕಿನ ಆ ಉಗಮಸ್ಥಾನವು ಅಂಬುತೀರ್ಥ. ಅಂಬು ಎಂದರೂ ಶರ ಎಂದರೂ ಬಾಣವೇ. ಈ ನದಿಯು ಜೋಗದಲ್ಲಿ ನಾಲ್ಕು ಧಾರೆಗಳಾಗಿ 253 ಮೀಟರ್ ಕೆಳಕ್ಕೆ ಧುಮುಕುತ್ತದೆ. ಗಂಭೀರವಾಗಿ ನೇರಕ್ಕೆ ಇಳಿಯುವುದು ರಾಜ. ಬಂಡೆಗಳ ನಡುವೆ ಗರ್ಜಿಸುವುದು ರೋರರ್. ಬಾಣದಂತೆ ಚಿಮ್ಮುವುದು ರಾಕೆಟ್. ಬಂಡೆಯ ಮೈಮೇಲೆ ನೊರೆಯಾಗಿ ಬಳುಕುತ್ತ ಜಾರುವುದು ರಾಣಿ. ಹೆಸರಿಟ್ಟವರು ನೀರಿನ ಚಲನೆಯನ್ನು ಎಚ್ಚರದಿಂದ ಗಮನಿಸಿದ್ದರೆಂಬುದು ಸ್ಪಷ್ಟ.

“ಹಾಗಾದರೆ ರಾಜನ ನೀರಿಗೆ ರಾಣಿಯ ನೀರಿಗಿಂತ ಹೆಚ್ಚು ಶಕ್ತಿಯಿರಬೇಕಲ್ಲವೆ?” ಎಂದು ವಿದ್ಯಾರ್ಥಿಯೊಬ್ಬನು ಕೇಳಿದನು. ಪ್ರಶ್ನೆಯು ವಿಚಾರಾರ್ಹವಾದುದು.

ಎತ್ತರದಲ್ಲಿರುವ ನೀರಿನಲ್ಲಿ ಪ್ರಚ್ಛನ್ನ ಶಕ್ತಿಯು ಅಡಗಿರುತ್ತದೆ. ಒಂದು ಕಿಲೋಗ್ರಾಂ ನೀರು 253 ಮೀಟರ್ ಇಳಿದಾಗ ಕಳೆದುಕೊಳ್ಳುವ ಶಕ್ತಿಯು ಸುಮಾರು 2,480 ಜೌಲ್. ಅದು ನೇರವಾಗಿ ಬೀಳಲಿ, ಬಂಡೆಯನ್ನು ಸವರುತ್ತ ಇಳಿಯಲಿ, ಈ ಮೊತ್ತವು ಒಂದೇ. ಗುರುತ್ವಾಕರ್ಷಣವು ಎತ್ತರವನ್ನು ಎಣಿಸುವುದೇ ಹೊರತು ದಾರಿಯನ್ನಲ್ಲ. ಗಾಳಿಯ ತಡೆಯಿಲ್ಲದಿದ್ದರೆ ರಾಜನ ನೀರು ಸುಮಾರು 7 ಸೆಕೆಂಡುಗಳಲ್ಲಿ ತಳವನ್ನು ಮುಟ್ಟಿ, ಸೆಕೆಂಡಿಗೆ 70 ಮೀಟರ್ ವೇಗವನ್ನು ಪಡೆಯುತ್ತಿತ್ತು. ರಾಣಿಯ ವೇಗವನ್ನು ಬಂಡೆಯು ದಾರಿಯುದ್ದಕ್ಕೂ ಕಸಿಯುತ್ತದೆ. ಭೇದವಿರುವುದು ಶಕ್ತಿಯ ಮೊತ್ತದಲ್ಲಲ್ಲ, ಅದು ವ್ಯಯವಾಗುವ ಸ್ಥಳದಲ್ಲಿ.

ಕೊನೆಗೆ ಆ ಶಕ್ತಿಯು ಏನಾಗುತ್ತದೆ? ಬಹುಪಾಲು ಶಾಖವಾಗುತ್ತದೆ. ನಯಾಗರದ ಬುಡದ ನೀರು ಮೇಲಿನದಕ್ಕಿಂತ ಫ್ಯಾರನ್‌ಹೀಟ್ ಡಿಗ್ರಿಯ ಐದನೆಯ ಒಂದು ಭಾಗದಷ್ಟು ಬೆಚ್ಚಗಿರಬೇಕೆಂದು 1845ರಲ್ಲಿ ಜೌಲ್ ಗಣಿಸಿದನು. ಅದೇ ಲೆಕ್ಕದಂತೆ ಜೋಗದಲ್ಲಿ ಏರಿಕೆಯು ಸುಮಾರು 0.6 ಡಿಗ್ರಿ ಸೆಂಟಿಗ್ರೇಡ್. ಆದರೆ ತುಂತುರು ಆವಿಯಾಗುವಾಗ ನೀರು ತಣಿಯುವುದರಿಂದ ಇದನ್ನು ಅಳೆಯುವುದು ಸುಲಭವಲ್ಲ.

ಮನುಷ್ಯನು ಈ ನೀರಿಗೆ ಐದನೆಯ ದಾರಿಯೊಂದನ್ನು ತೆರೆದನು: ಕೊಳವೆಯ ದಾರಿ. ಜೋಗದ ವಿದ್ಯುದಾಗಾರವು 1948ರಲ್ಲಿ ಆರಂಭವಾಯಿತು. ಜಲಪಾತದ ಎತ್ತರವನ್ನಷ್ಟೇ ಹಿಡಿದರೂ, ಸೆಕೆಂಡಿಗೆ ಒಂದು ಘನಮೀಟರ್ ನೀರು ಸುಮಾರು 2,480 ಕಿಲೋವಾಟ್ ಸಾಮರ್ಥ್ಯವನ್ನು ಕೊಡಬಲ್ಲದು. ಬಂಡೆಯನ್ನು ಬೆಚ್ಚಗಾಗಿಸಿ ಕಳೆದುಹೋಗುತ್ತಿದ್ದ ಶಕ್ತಿಯು ಚಕ್ರವನ್ನು ತಿರುಗಿಸಿ ಮನೆಯ ದೀಪವಾಗುತ್ತದೆ.

ಈ ಲಾಭವು ಬೆಲೆಯಿಲ್ಲದೆ ಬಂದುದಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಸಂಸಾರಗಳು ನೆಲೆ ತಪ್ಪಿದವು. ಬೇಸಗೆಯಲ್ಲಿ ರಾಜನೂ ರಾಣಿಯೂ ಬಡವಾಗುತ್ತಾರೆ. ಒಂದೇ ನೀರು ಒಂದೇ ಹೊತ್ತಿಗೆ ಎರಡು ದಾರಿಗಳಲ್ಲಿ ಇಳಿಯಲಾರದು. ಸಂಜೆ ನ್ಯೂ ಟೌನಿಗೆ ಹಿಂದಿರುಗಿ ದೀಪದ ಗುಂಡಿಯನ್ನು ಒತ್ತುವಾಗ ನಮಗೆ ಈ ಮಾತು ನೆನಪಾಯಿತು.