ಹಚ್ಚುವ ಜೆಲ್ ಕೂಡ ಔಷಧವೇ: ನೋವು ನಿವಾರಕ ಜೆಲ್‌ಗಳ ಸುರಕ್ಷಿತ ಬಳಕೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಲೇಖನ)



ನಾಟಿ, ಕಳೆ, ಕೊಯ್ಲು, ಕೆರೆಯ ಹೂಳೆತ್ತುವ ಕಾಮಗಾರಿ ಇವೆಲ್ಲವೂ ಮೈಮುರಿದು ದುಡಿಯುವ ಕೆಲಸಗಳು. ಆದುದರಿಂದ ಸೊಂಟ, ಮೊಣಕಾಲು, ಭುಜದ ನೋವಿಗೆ ಹಚ್ಚುವ ಜೆಲ್‌ನ ಟ್ಯೂಬು ಇಲ್ಲದ ಮನೆ ನಮ್ಮ ಗ್ರಾಮಗಳಲ್ಲಿ ವಿರಳ. ಅದೇ ಮನೆಗಳಲ್ಲಿ ಇಂದು ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಹೃದ್ರೋಗಕ್ಕೆ ಪ್ರತಿದಿನ ಮಾತ್ರೆ ಸೇವಿಸುವ ಹಿರಿಯರೂ ಇದ್ದಾರೆ. ಈ ಎರಡೂ ಒಂದೇ ದೇಹದಲ್ಲಿ ಸೇರಿದಾಗ ವಹಿಸಬೇಕಾದ ಎಚ್ಚರಿಕೆಯೇ ಈ ಪಾಠದ ವಿಷಯ.

1. ಒಂದು ಸಾಮಾನ್ಯ ಸಂದರ್ಭ

ಅರವತ್ತೈದು ವರ್ಷದ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳೋಣ. ಆಕೆ ಬಿ.ಪಿ. ಮಾತ್ರೆಯನ್ನೂ, ಕಾಲಿನ ಬಾವು ಇಳಿಯಲೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ದಿನವೂ ಸೇವಿಸುತ್ತಾರೆ. ಎರಡೂ ಮೊಣಕಾಲು ಮತ್ತು ಸೊಂಟಕ್ಕೆ ದಿನಕ್ಕೆ ನಾಲ್ಕೈದು ಬಾರಿ ಜೆಲ್ ಹಚ್ಚುತ್ತಾರೆ. ನೋವು ಹೆಚ್ಚಾದ ದಿನ ಅಂಗಡಿಯಿಂದ ನೋವಿನ ಮಾತ್ರೆಯನ್ನೂ ತರಿಸುತ್ತಾರೆ. ಆರೋಗ್ಯ ಕೇಂದ್ರದಲ್ಲಿ ವೈದ್ಯರು “ಬೇರೆ ಔಷಧ ಏನಾದರೂ ತೆಗೆದುಕೊಳ್ಳುತ್ತೀರಾ ಅಮ್ಮಾ?” ಎಂದು ಕೇಳಿದರೆ “ಇಲ್ಲ ಸ್ವಾಮಿ” ಎನ್ನುತ್ತಾರೆ.

ಆಕೆ ಸುಳ್ಳು ಹೇಳಿದ್ದಲ್ಲ. ನುಂಗಿದ್ದು ಮಾತ್ರ ಔಷಧ, ಹಚ್ಚಿದ್ದು ಔಷಧವಲ್ಲ ಎಂಬುದು ಆಕೆಯ ತಿಳಿವಳಿಕೆ. ನಮ್ಮಲ್ಲಿ ಅನೇಕರ ತಿಳಿವಳಿಕೆಯೂ ಅದೇ. ಸರಿಪಡಿಸಬೇಕಾದುದು ಇದನ್ನು.

2. ಜೆಲ್‌ನಲ್ಲಿ ಏನಿರುತ್ತದೆ?

ಮಾರುಕಟ್ಟೆಯಲ್ಲಿ ದೊರೆಯುವ ಅನೇಕ ನೋವಿನ ಜೆಲ್‌ಗಳಲ್ಲಿ ಡೈಕ್ಲೋಫೆನಾಕ್ ಇರುತ್ತದೆ. ನೋವಿನ ಮಾತ್ರೆ ಮತ್ತು ಚುಚ್ಚುಮದ್ದಿನಲ್ಲಿ ಬಳಸುವ ಔಷಧವೂ ಇದೇ. ಇದರೊಂದಿಗೆ ಮೀಥೈಲ್ ಸ್ಯಾಲಿಸಿಲೇಟ್ ಮತ್ತು ಮೆಂಥಾಲ್ ಸೇರಿರುವುದುಂಟು. ಮೀಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್‌ನ ಕುಲಕ್ಕೆ ಸೇರಿದ ವಸ್ತು. ಆಯುರ್ವೇದದ ಹೆಸರಿನಲ್ಲಿ ಮಾರಾಟವಾಗುವ ಕೆಲವು ಮುಲಾಮುಗಳಲ್ಲಿರುವ ಗಂಧಪುರ ತೈಲದ ಬಹುಪಾಲು ಇದೇ ಆಗಿದೆ. ಆದುದರಿಂದ “ಇದು ಗಿಡಮೂಲಿಕೆಯದ್ದು, ಏನೂ ಆಗದು” ಎಂಬ ಮಾತು ಪೂರ್ಣ ಸತ್ಯವಲ್ಲ.

ಹಾಗೆಂದು ಭಯಪಡುವ ಕಾರಣವಿಲ್ಲ. ಡೈಕ್ಲೋಫೆನಾಕ್ ಜೆಲ್ಲನ್ನು ಸೂಚನೆಯಂತೆ ಹಚ್ಚಿದಾಗ, ಮಾತ್ರೆಯಿಂದ ರಕ್ತ ಸೇರುವ ಔಷಧಕ್ಕೆ ಹೋಲಿಸಿದರೆ ಶೇ. 6ರಷ್ಟು ಮಾತ್ರ ರಕ್ತ ಸೇರುತ್ತದೆ. ಆದುದರಿಂದಲೇ ಹಿರಿಯರ ಮೊಣಕಾಲು ನೋವಿಗೆ ಮಾತ್ರೆಗಿಂತ ಜೆಲ್ಲನ್ನು ವೈದ್ಯರು ಮೊದಲು ಸೂಚಿಸುವುದುಂಟು. ಆದರೆ ಹೆಚ್ಚು ಜಾಗಕ್ಕೆ, ಹೆಚ್ಚು ಬಾರಿ, ಹೆಚ್ಚು ದಿನ ಹಚ್ಚಿದಂತೆಲ್ಲ ಒಳಸೇರುವ ಪ್ರಮಾಣವೂ ಏರುತ್ತದೆ. 30 ಗ್ರಾಂ ಟ್ಯೂಬು ಎರಡು ಮೂರು ದಿನಗಳಲ್ಲಿ ಖಾಲಿಯಾಗುತ್ತಿದ್ದರೆ ಅದನ್ನು ಎಚ್ಚರಿಕೆಯ ಸೂಚನೆಯೆಂದು ಭಾವಿಸತಕ್ಕದ್ದು.

3. ಯಾರು ಮೊದಲು ವೈದ್ಯರನ್ನು ಕೇಳಬೇಕು?

ಅ) ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು: ಹೃದಯದ ಕವಾಟ ಬದಲಿಸಿಕೊಂಡವರಿಗೆ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಎಂಬ ಮಾತ್ರೆ ನೀಡಿರುತ್ತಾರೆ. ವಾರ್ಫರಿನ್ ಸೇವಿಸುವವರು ಮೀಥೈಲ್ ಸ್ಯಾಲಿಸಿಲೇಟ್ ಇರುವ ಮುಲಾಮನ್ನು ಧಾರಾಳವಾಗಿ ಹಚ್ಚಿದಾಗ ರಕ್ತಸ್ರಾವದ ಅಪಾಯ ಹೆಚ್ಚಿದ ಪ್ರಕರಣಗಳು ವೈದ್ಯಕೀಯವಾಗಿ ದಾಖಲಾಗಿವೆ. ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಸೇವಿಸುವವರೂ ಎಚ್ಚರ ವಹಿಸಬೇಕು. ವಸಡಿನಲ್ಲಿ ರಕ್ತ, ಕಾರಣವಿಲ್ಲದೆ ಮೈಮೇಲೆ ನೀಲಿಗಟ್ಟಿದ ಕಲೆ, ಕಪ್ಪು ಮಲ ಇವು ಕಂಡಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಆ) ರಕ್ತದೊತ್ತಡ ಮತ್ತು ಮೂತ್ರಪಿಂಡದ ರೋಗಿಗಳು: ಡೈಕ್ಲೋಫೆನಾಕ್ ಗುಂಪಿನ ಔಷಧಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸಬಲ್ಲವು, ಬಿ.ಪಿ. ಮಾತ್ರೆಯ ಪರಿಣಾಮವನ್ನೂ ಕುಂದಿಸಬಲ್ಲವು. ಟೆಲ್ಮಿಸಾರ್ಟನ್, ಎನಾಲಪ್ರಿಲ್‌ನಂತಹ ಮಾತ್ರೆ ಹಾಗೂ ಮೂತ್ರ ಹೆಚ್ಚಿಸುವ ಮಾತ್ರೆ ಎರಡನ್ನೂ ಸೇವಿಸುವವರಿಗೆ ನೋವಿನ ಮಾತ್ರೆಯೂ ಸೇರಿದರೆ ಮೂತ್ರಪಿಂಡಕ್ಕೆ ಹಠಾತ್ ಹಾನಿಯಾಗಬಹುದು. ಬಿಸಿಲಿನಲ್ಲಿ ನೀರು ಕುಡಿಯದೆ ದುಡಿದಾಗ ಈ ಅಪಾಯ ಇನ್ನೂ ಹೆಚ್ಚು. ಜೆಲ್ ಒಂದರಿಂದಲೇ ಹೀಗಾಗುವುದು ಅಪರೂಪ. ಜೆಲ್ ಮತ್ತು ಮಾತ್ರೆ ಕೂಡಿದಾಗ ಆಗಬಹುದು.

ಇ) ಗರ್ಭಿಣಿಯರು, ಮೊದಲೇ ನೋವಿನ ಮಾತ್ರೆಯಿಂದ ಉಬ್ಬಸ ಬಂದವರು, ಹೊಟ್ಟೆಯ ಹುಣ್ಣಿದ್ದವರು, ಲಿಥಿಯಂ ಅಥವಾ ಮೆಥೊಟ್ರೆಕ್ಸೇಟ್ ಸೇವಿಸುವವರು: ಇವರು ವೈದ್ಯರ ಸಲಹೆಯಿಲ್ಲದೆ ಬಳಸತಕ್ಕದ್ದಲ್ಲ.

ಒಂದು ಮುಖ್ಯ ಮಾತು. ಈ ಲೇಖನ ಓದಿ ಯಾರೂ ಬಿ.ಪಿ., ಸಕ್ಕರೆ ಅಥವಾ ಹೃದಯದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಅವು ಪ್ರಾಣ ಕಾಯುವ ಮಾತ್ರೆಗಳು. ಪ್ರಶ್ನಿಸಬೇಕಾದುದು ನೋವಿನ ಔಷಧವನ್ನು.

4. ಹಚ್ಚುವ ಕ್ರಮ

• ಒಂದು ಸಲಕ್ಕೆ ಒಂದೇ ಬಗೆಯ ಜೆಲ್. ಒಂದರ ಮೇಲೊಂದು ಜೆಲ್, ಬಾಮ್, ಸ್ಪ್ರೇ ಬೇಡ.
• ಗಾಯ, ತುರಿ, ಒಡೆದ ಚರ್ಮದ ಮೇಲೆ ಹಚ್ಚಬಾರದು.
• ಹಚ್ಚಿದ ಜಾಗಕ್ಕೆ ಬಿಸಿನೀರಿನ ಶಾಖ ಕೊಡಬಾರದು, ಬಿಗಿಯಾಗಿ ಬಟ್ಟೆ ಕಟ್ಟಬಾರದು. ಔಷಧ ಹೆಚ್ಚು ಒಳಸೇರುವುದಲ್ಲದೆ ಚರ್ಮ ಸುಡಬಹುದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೂ ತಿಳಿಯದು.
• ಹಚ್ಚಿದ ಭಾಗವನ್ನು ಬಿಸಿಲಿಗೆ ಒಡ್ಡದೆ ಬಟ್ಟೆಯಿಂದ ಸಡಿಲವಾಗಿ ಮುಚ್ಚಿಕೊಳ್ಳಬೇಕು.
• ಹಚ್ಚಿದ ಮೇಲೆ ಕೈ ತೊಳೆಯಬೇಕು; ಕಣ್ಣು, ಬಾಯಿ ಮುಟ್ಟಬಾರದು.
• ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಗಂಧಪುರ ಎಣ್ಣೆಯ ಒಂದು ಟೀ ಚಮಚದಲ್ಲಿ (5 ಮಿ.ಲೀ.) ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಿಗೆ ಸಮನಾದ ಔಷಧವಿದ್ದು, ಮಗು ಕುಡಿದರೆ ಪ್ರಾಣಾಪಾಯ.
• ಒಂದು ವಾರದಲ್ಲಿ ನೋವು ತಗ್ಗದಿದ್ದರೆ ಇನ್ನೊಂದು ಟ್ಯೂಬು ಕೊಳ್ಳುವ ಮೊದಲು ವೈದ್ಯರನ್ನು ಕಾಣಬೇಕು.

5. ಜೆಲ್ ಹಚ್ಚಿ ಕಾಯಬಾರದ ನೋವು

ಎದೆಯಲ್ಲಿ ಹಿಂಡುವ ನೋವು, ಎಡತೋಳು, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ಜೊತೆಗೆ ಬೆವರು, ಉಸಿರುಗಟ್ಟುವಿಕೆ ಇದ್ದರೆ ಅದು ಹೃದಯಾಘಾತವಿರಬಹುದು. “ವಾಯು ಹಿಡಿದಿದೆ” ಎಂದು ಎದೆಗೆ ಜೆಲ್ ತಿಕ್ಕುತ್ತ ಕುಳಿತರೆ ಪ್ರಾಣ ಉಳಿಸುವ ಸಮಯ ಕಳೆದುಹೋಗುತ್ತದೆ. ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.

6. ಸದಸ್ಯರು ಮಾಡಬಹುದಾದ ಕಾರ್ಯ

ಇದಕ್ಕೆ ಪ್ರತ್ಯೇಕ ಅನುದಾನದ ಅಗತ್ಯವಿಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇರಿಸಬಹುದು. ಬಿ.ಪಿ. ಮತ್ತು ಸಕ್ಕರೆ ತಪಾಸಣೆಗೆ ಬರುವವರು ಮಾತ್ರೆಗಳೊಂದಿಗೆ ಮನೆಯಲ್ಲಿರುವ ಟ್ಯೂಬು, ಬಾಮ್, ಎಣ್ಣೆಯನ್ನೂ ಒಂದೇ ಚೀಲದಲ್ಲಿ ತಂದು ತೋರಿಸುವಂತೆ ಆಶಾ ಕಾರ್ಯಕರ್ತೆಯರ ಮೂಲಕ ತಿಳಿಸಬಹುದು. ಓದು ಬಾರದ ಹಿರಿಯರಿಗೂ ಇದು ಸುಲಭ. ಹೆಸರು ನೆನಪಿಡಬೇಕಿಲ್ಲ, ಚೀಲ ತಂದರೆ ಸಾಕು. ಔಷಧದಿಂದ ಅಡ್ಡಪರಿಣಾಮ ಉಂಟಾದಲ್ಲಿ ಆರೋಗ್ಯ ಕೇಂದ್ರಕ್ಕೆ ತಿಳಿಸುವುದರ ಜೊತೆಗೆ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೂ ವರದಿ ಮಾಡಬಹುದು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಮನೆಯ ಹಿರಿಯರು ಈಗ ಯಾವ ಜೆಲ್ ಬಳಸುತ್ತಿದ್ದಾರೆ? ಅದರಲ್ಲಿರುವ ಔಷಧ ಯಾವುದು?
2. ಜೆಲ್ ಜೊತೆಗೆ ನೋವಿನ ಮಾತ್ರೆಯನ್ನೂ ನುಂಗುವವರು ನಮ್ಮ ವಾರ್ಡಿನಲ್ಲಿ ಇದ್ದಾರೆಯೇ?
3. ತಪಾಸಣೆಯ ದಿನ ಔಷಧದ ಚೀಲ ತರುವ ರೂಢಿಯನ್ನು ನಮ್ಮ ಗ್ರಾಮದಲ್ಲಿ ಯಾವಾಗಿನಿಂದ ಆರಂಭಿಸಬಹುದು?

ಮೇಲೆ ಹೇಳಿದ ಅಜ್ಜಿ ಮುಂದಿನ ಬಾರಿ ವೈದ್ಯರ ಪ್ರಶ್ನೆಗೆ “ಹೌದು ಸ್ವಾಮಿ, ಇದನ್ನೂ ಹಚ್ಚುತ್ತೇನೆ” ಎಂದು ಟ್ಯೂಬನ್ನು ಮೇಜಿನ ಮೇಲಿಟ್ಟರೆ ಈ ಪಾಠದ ಉದ್ದೇಶ ನೆರವೇರಿದಂತೆ. ಸದಸ್ಯರು ಇದನ್ನು ತಮ್ಮ ಮನೆಯಿಂದಲೇ ಆರಂಭಿಸಬೇಕೆಂದು ಕೋರಲಾಗಿದೆ.